ಇನ್ನೊಂದು ಫ್ರಾಂಕ್‌ಫರ್ಟ್‌ನ ಬಣ್ಣದ ಕಿಟಕಿಗಳು

ಮೊದಲು ಟಿಕೆಟ್ ವಿಷಯ. ಜರ್ಮನಿಯಲ್ಲಿ ಫ್ರಾಂಕ್‌ಫರ್ಟ್ ಎರಡಿವೆ. ದೊಡ್ಡ ವಿಮಾನ ನಿಲ್ದಾಣ ಇರುವುದು ಮೈನ್ ನದಿಯ ಫ್ರಾಂಕ್‌ಫರ್ಟ್‌ನಲ್ಲಿ. ನಾನು ಹೇಳುತ್ತಿರುವುದು ಪೋಲೆಂಡ್ ಗಡಿಯಲ್ಲಿ, ಓಡರ್ ನದಿಯ ದಂಡೆಯಲ್ಲಿರುವ ಫ್ರಾಂಕ್‌ಫರ್ಟ್. ಬರ್ಲಿನ್‌ನಿಂದ ಆರ್‌ಇ1 ರೈಲು ಹಿಡಿದರೆ ಒಂದು ಗಂಟೆ ಚಿಲ್ಲರೆ. ಗಡಿ ಊರು, ಪಾಸ್‌ಪೋರ್ಟ್ ಜೊತೆಯಲ್ಲೇ ಇರಲಿ. ಬಣ್ಣದ ಗಾಜಿನ ಕಿಟಕಿಗಳಿರುವುದು ಇಲ್ಲಿನ ಮರಿಯೆನ್‌ಕಿರ್ಖೆ ಚರ್ಚಿನಲ್ಲಿ, ಸ್ಟೇಷನ್‌ನಿಂದ ನಡೆದೇ ಹೋಗಬಹುದು.

ಮೊದಲ ಸಲ ಮಧ್ಯಾಹ್ನ ಮೀರಿ ಹೋಗಿದ್ದೆ. ಕಿಟಕಿಗಳಿರುವುದು ಪೂರ್ವದ ತುದಿಯಲ್ಲಿ. ಬಿಸಿಲು ಆಚೆ ಹೋಗಿತ್ತು, ಮೇಲಿನ ಸಾಲುಗಳ ಚಿತ್ರಗಳಲ್ಲಿ ಯಾರ ಮುಖವೂ ಕಾಣಲಿಲ್ಲ. ಎರಡನೇ ಸಲ ಬೆಳಿಗ್ಗೆಯೇ ಹೋದೆ, ಬೈನಾಕ್ಯುಲರ್ ತಗೊಂಡು. ಅವತ್ತು ತೆಳು ಮೋಡ ಇತ್ತು, ಅದೇ ಒಳ್ಳೆಯದಾಯ್ತು. ನೇರ ಬಿಸಿಲಿದ್ದರೆ ನೀಲಿ ಬಣ್ಣ ಹರಡಿ ಪಕ್ಕದ ಸಣ್ಣ ಗೆರೆಗಳನ್ನು ನುಂಗಿಬಿಡುತ್ತದೆ. ಬಣ್ಣ ಗಾಜಿನೊಳಗೇ ಬೆರೆತದ್ದು. ಕಣ್ಣು, ಗಡ್ಡ, ಬಟ್ಟೆಯ ಮಡಿಕೆ ಮಾತ್ರ ಕಪ್ಪು ಬಣ್ಣದಲ್ಲಿ ಬರೆದು ಕುಲುಮೆಯಲ್ಲಿ ಸುಟ್ಟಿದ್ದು. ಆ ಗೆರೆಗಳನ್ನು ನೋಡದೆ ಬಂದರೆ ಅರ್ಧ ನೋಡಿದ ಹಾಗೆ.

ಕಿಟಕಿಗಳು ಮೂರು, ಫಲಕಗಳು ಒಟ್ಟು 117. 14ನೇ ಶತಮಾನದ ದ್ವಿತೀಯಾರ್ಧದವು. ಒಂದರಲ್ಲಿ ಸೃಷ್ಟಿಯ ಕತೆ, ಆದಾಮ, ಹವ್ವ, ನೋಹ. ಇನ್ನೊಂದರಲ್ಲಿ ಯೇಸುವಿನ ಬದುಕು. ಮೂರನೆಯದೇ ಅಪರೂಪದ್ದು, ಕ್ರಿಸ್ತವಿರೋಧಿಯ ಕತೆ. ಒಬ್ಬ ಸುಳ್ಳು ರಕ್ಷಕ ಬಂದು ಜನರನ್ನು ಹೇಗೆ ಒಲಿಸಿಕೊಳ್ಳುತ್ತಾನೆ ಎಂಬುದಕ್ಕೆ ಒಂದಿಡೀ ಕಿಟಕಿ! ನಾನು ಜಾಸ್ತಿ ಹೊತ್ತು ನಿಂತದ್ದು ಅದರ ಮುಂದೆಯೇ.

ಇವು ಉಳಿದದ್ದೇ ದೊಡ್ಡ ಕತೆ. ಎರಡನೇ ಮಹಾಯುದ್ಧದಲ್ಲಿ ಗಾಜು ಬಿಚ್ಚಿ ಬೇರೆಡೆ ಇಟ್ಟಿದ್ದರು. 1945ರಲ್ಲಿ ಚರ್ಚ್ ಸುಟ್ಟುಹೋಯಿತು, ಗಾಜು ಉಳಿಯಿತು. ಆದರೆ ಸೋವಿಯತ್ ಸೇನೆ ಅದನ್ನು ಒಯ್ದಿತು. ಹೆಚ್ಚಿನದು ದಶಕಗಳ ಕಾಲ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟಾಜ್ ಮ್ಯೂಸಿಯಂನಲ್ಲಿತ್ತು. 2002ರಲ್ಲಿ 111 ಫಲಕ ವಾಪಸ್ ಬಂದವು. ಉಳಿದ ಆರು ಮಾಸ್ಕೋದಲ್ಲಿ ಸಿಕ್ಕು, 2008ರಲ್ಲಿ ಬಂದವು.

ಒಳಗೆ ಚಳಿ ಇರುತ್ತದೆ, ಸ್ವೆಟರ್ ಬೇಕು. ಕನಿಷ್ಠ ಎರಡು ಗಂಟೆ ಇಟ್ಟುಕೊಳ್ಳಿ. ಆಮೇಲೆ ಸುಮ್ನೆ ರೈಲು ಹತ್ತಬೇಡಿ. ಇದೇ ಚರ್ಚಿನ ಏಳು ಕವಲಿನ ಹಳೇ ದೀಪಸ್ತಂಭ, 1376ರ ಕಂಚಿನ ದೀಕ್ಷಾಸ್ನಾನದ ತೊಟ್ಟಿ ಈಗ ಅದೇ ಊರಿನ ಸಂತ ಗೆರ್ಟ್ರೌಡ್ ಚರ್ಚಿನಲ್ಲಿವೆ. ಬಾಗಿಲು ತೆರೆಯುವ ಹೊತ್ತನ್ನು ಮೊದಲೇ ವಿಚಾರಿಸಿ ಹೋಗಿ.