ಮರಳಿನ ಮೇಲೆ ಕಾರು, ಪಕ್ಕದ ಸೀಟಿನಲ್ಲಿ ಅಪ್ಪ

ಟಾರು ರಸ್ತೆ ಮುಗಿದು ಮರಳು ಶುರುವಾಗುವ ಜಾಗದಲ್ಲಿ ಕಾರು ನಿಲ್ಲಿಸಿಬಿಟ್ಟೆ. ಮುಂದಿನ ಚಕ್ರ ಇನ್ನೇನು ಮರಳಿಗೆ ಇಳಿಯಬೇಕು, ಕಾಲು ಬ್ರೇಕಿನಿಂದ ಏಳಲೇ ಇಲ್ಲ. ಹದಿನಾಲ್ಕು ವರ್ಷದಿಂದ ಕಾರು ಓಡಿಸುತ್ತಿದ್ದೇನೆ, ಘಾಟಿ ಹತ್ತಿದ್ದೇನೆ, ಜೋರು ಮಳೆಯಲ್ಲಿ ಕೊಡಗಿನ ಒಳರಸ್ತೆಗಳಲ್ಲಿ ಹೋಗಿಬಂದಿದ್ದೇನೆ. ಆದರೆ ಎಲ್ಲೇ ಹೋದರೂ ಕೆಳಗೆ ನೆಲ ಗಟ್ಟಿ ಇದೆ ಅನ್ನೋ ಧೈರ್ಯ ಇರುತ್ತಿತ್ತು. ಇಲ್ಲಿ ಅದಿರಲಿಲ್ಲ.

ಇದು ಮುಳಪ್ಪಿಲಂಗಾಡ್ ಬೀಚು. ಕೇರಳದಲ್ಲಿ, ಕಣ್ಣೂರು ಮತ್ತು ತಲಶ್ಶೇರಿ ನಡುವೆ ಇದೆ. ಆ ಹೆಸರಿನಲ್ಲಿರೋ ಳ ನಮ್ಮ ಳ ಅಲ್ಲ. ಹಳಗನ್ನಡದಲ್ಲಿ ೞ ಅಂತ ಒಂದು ಅಕ್ಷರ ಇತ್ತಲ್ವಾ, ನಾವು ಯಾವಾಗಲೋ ಬಿಟ್ಟುಬಿಟ್ಟೆವು, ಮಲಯಾಳದವರು ಇವತ್ತಿಗೂ ಬಾಯಲ್ಲಿಟ್ಟುಕೊಂಡಿದ್ದಾರೆ. ಅಲ್ಲಿನವರು ಆ ಹೆಸರು ಹೇಳುವಾಗ ಕೇಳೋಕೆ ತುಂಬಾ ಚೆನ್ನಾಗಿರುತ್ತೆ. ಸುಮಾರು 4 ಕಿಲೋಮೀಟರ್ ಉದ್ದಕ್ಕೆ ಮರಳಿನ ಮೇಲೆ ಕಾರು ಓಡಿಸೋಕೆ ಇಲ್ಲಿ ಬಿಡುತ್ತಾರೆ, ಮಳೆಗಾಲ ಬಿಟ್ಟು. ರಾಷ್ಟ್ರೀಯ ಹೆದ್ದಾರಿ 66ರಿಂದ ಪಕ್ಕಕ್ಕೆ ತಿರುಗಿ, ತೆಂಗಿನ ತೋಟ, ಮನೆಗಳ ನಡುವಿನ ಕಿರಿದಾದ ರಸ್ತೆಯಲ್ಲಿ ಹೋದರೆ ಕೊನೆಗೆ ಎದುರಿಗೇ ಸಮುದ್ರ.

ನಾವು ಹುಣಸೂರಿನ ಕಡೆಯವರು. ಸಂಕ್ರಾಂತಿ ಕಳೆದ ಮೇಲೆ ಒಂದೆರಡು ದಿನ ರಜೆ ಹೊಂದಿಸಿಕೊಂಡು ಅಪ್ಪ, ಅಮ್ಮ, ಮಗಳನ್ನು ಕರೆದುಕೊಂಡು ಹೊರಟೆ. ಗೋಣಿಕೊಪ್ಪ, ವಿರಾಜಪೇಟೆ, ಮಾಕುಟ್ಟ ಘಾಟಿ ಇಳಿದರೆ ಕೂಟುಪುಳ, ಅಲ್ಲಿಂದ ಇರಿಟ್ಟಿ. ದಾರಿಯ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಆ ಘಾಟಿಯೇ ಒಂದು ಕಥೆ.

ಅಪ್ಪನ ಬಗ್ಗೆ ಒಂದು ಮಾತು ಹೇಳಲೇಬೇಕು. ಮೂವತ್ತು ವರ್ಷಕ್ಕೂ ಜಾಸ್ತಿ ಟ್ರ್ಯಾಕ್ಟರ್ ಓಡಿಸಿದವರು. ಸ್ವಂತದ್ದಲ್ಲ, ಊರವರ ಗದ್ದೆಗೆಲ್ಲಾ ಬಾಡಿಗೆಗೆ ಉಳೋದು. ಮೊಣಕಾಲುದ್ದ ಕೆಸರಿನಲ್ಲಿ ಕೇಜ್ ವೀಲ್, ಅಂದರೆ ಪಂಜರದಂಥ ಕಬ್ಬಿಣದ ಚಕ್ರ ಹಾಕಿ ಗದ್ದೆ ಹದ ಮಾಡೋದನ್ನ ಬದುವಿನ ಮೇಲೆ ಕೂತು ನೋಡುತ್ತಾ ಬೆಳೆದವಳು ನಾನು. ನನಗೆ ಕ್ಲಚ್ಚು ಬಿಡೋದನ್ನ ಕಲಿಸಿದ್ದೂ ಅವರೇ. ಇಷ್ಟೆಲ್ಲಾ ಆದರೂ ಮರಳಿನ ಮೇಲೆ ಗಾಡಿ ಓಡಿಸಿ ಅವರಿಗೂ ಗೊತ್ತಿಲ್ಲ.

ನಾನು ಬ್ರೇಕ್ ಒತ್ತಿಕೊಂಡು ಕೂತಿದ್ದಾಗ ಅವರು ಬಾಗಿಲು ತೆಗೆದು ಇಳಿದರು. ಚಪ್ಪಲಿ ಬಿಚ್ಚಿ ಕಾರಿನೊಳಗೇ ಇಟ್ಟರು. ಆಮೇಲೆ ನೀರಿನ ತನಕ ನಿಧಾನಕ್ಕೆ ನಡೆದರು, ನಾಲ್ಕು ಹೆಜ್ಜೆಗೊಮ್ಮೆ ನಿಂತು ಹಿಮ್ಮಡಿಯಿಂದ ಮರಳನ್ನು ಒತ್ತಿ ನೋಡಿದರು. ಬಿತ್ತನೆಗೆ ಮುಂಚೆ ಹೊಲದ ಹದ ನೋಡೋದು ಹೀಗೇ. ವಾಪಸ್ ಬಂದು, "ಈಗ್ಲೇ ಬ್ಯಾಡ ಮಗ, ಗಟ್ಟಿ ಇರೋ ಜಾಗ ಇನ್ನೂ ನೀರೊಳಗದೆ" ಅಂದರು.

ಅದು ನಿಜ. ಅಮಾವಾಸ್ಯೆಯ ಮರುದಿನ ಅದು. ಮಧ್ಯಾಹ್ನ ಉಬ್ಬರ ಮೇಲಿನ ತನಕ ಬಂದು, ಸಂಜೆ ಹೊತ್ತಿಗೆ ನೀರು ದೂರಕ್ಕೆ ಹಿಂದೆ ಸರಿಯುತ್ತೆ. ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ, ಅದಕ್ಕೇ ದಿನಾ ಸರಾಸರಿ ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡೋದು, ಇದನ್ನ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಕಾರು ಇಳಿಸೋ ಹೊತ್ತಿಗೆ ಅದು ನೆನಪಾಗಲಿಲ್ಲ, ಅಪ್ಪನ ಹಿಮ್ಮಡಿಗೆ ಗೊತ್ತಾಯಿತು.

ಕಾದೆವು. ಅಮ್ಮ ತಂದಿದ್ದ ಚಕ್ಕುಲಿ ತಿಂದೆವು. ಮಗಳು ನೀರಿಗೆ ಓಡಿದಳು. ನಾನೂ ಅಪ್ಪನ ಥರ ಬರಿಗಾಲಲ್ಲಿ ಓಡಾಡಿದೆ, ಆಗಲೇ ಈ ಮರಳು ಒಂದೇ ಥರ ಇಲ್ಲ ಅಂತ ಕಣ್ಣಿಗೆ ಬಿದ್ದದ್ದು. ಮೇಲೆ, ತೆಂಗಿನ ಮರಗಳ ಹತ್ತಿರ, ಬೆಳ್ಳಗಿನ ಒಣ ಪುಡಿ, ಕಾಲಿಟ್ಟರೆ ಪಾದ ಮುಚ್ಚುತ್ತೆ. ಕೆಳಗೆ ನೀರು ಆಗಷ್ಟೇ ಬಿಟ್ಟು ಹೋದ ಕಡೆ ಕಂದು ಬಣ್ಣ, ಅಲ್ಲಿ ಹೆಜ್ಜೆ ಮೂಡೋದೇ ಕಷ್ಟ, ಅಷ್ಟು ಬಿಗಿ. ಇನ್ನೂ ಕೆಳಗೆ, ಅಲೆ ಬಂದು ಹೋಗೋ ಕಡೆ, ಕನ್ನಡಿ ಥರ ಹೊಳೆಯುತ್ತೆ, ಆದರೆ ಅಲ್ಲಿ ಸುಮ್ನೆ ನಿಂತರೂ ಕಾಲು ನಿಧಾನಕ್ಕೆ ಇಳಿಯುತ್ತೆ. ನಡುವಿನ ಆ ಕಂದು ಪಟ್ಟಿಯೇ ರಸ್ತೆ. ಒಣಗಿದ ಮರಳಿನ ಕಾಳಿಗೂ ಕಾಳಿಗೂ ನಂಟಿಲ್ಲ. ಸ್ವಲ್ಪ ತೇವ ಇದ್ದರೆ ಕಾಳುಗಳ ನಡುವೆ ನಿಂತ ನೀರಿನ ಪೊರೆ ಅವನ್ನ ಒಂದಕ್ಕೊಂದು ಎಳೆದು ಹಿಡಿಯುತ್ತೆ. ನೀರು ಪೂರ್ತಿ ತುಂಬಿಕೊಂಡರೆ ಆ ಎಳೆತ ಹೋಗಿ ಮತ್ತೆ ಸಡಿಲ. ಇನ್ನೊಂದು ನೋಡಿ, ಒದ್ದೆ ಮರಳಿನ ಮೇಲೆ ಕಾಲಿಟ್ಟ ಕೂಡಲೇ ಪಾದದ ಸುತ್ತ ಒಂದು ಕ್ಷಣ ಮರಳು ಒಣಗಿದ ಹಾಗೆ ಬೆಳ್ಳಗಾಗುತ್ತೆ. ಒತ್ತಿದಾಗ ಕಾಳುಗಳು ಸರಿದು ನಡುವೆ ಜಾಗ ಜಾಸ್ತಿಯಾಗುತ್ತೆ, ಮೇಲಿನ ನೀರು ಅದರೊಳಕ್ಕೆ ಇಳಿಯುತ್ತೆ. ಆಸ್ಬರ್ನ್ ರೆನಾಲ್ಡ್ಸ್ ಅನ್ನೋ ವಿಜ್ಞಾನಿ 1885ರಲ್ಲೇ ಇದನ್ನ ವಿವರಿಸಿ ಬರೆದಿದ್ದರು. ಮಗಳಿಗೆ ತೋರಿಸಿದೆ. ಅವಳು ಇಪ್ಪತ್ತು ಸಲ ಕಾಲಿಟ್ಟು ಇಪ್ಪತ್ತು ಸಲ ನೋಡಿದಳು.

ನಾಲ್ಕೂವರೆ ದಾಟಿದ ಮೇಲೆ ಇಳಿಸಿದೆ. ನಮ್ಮದು ಮುಂದಿನ ಚಕ್ರ ಎಳೆಯೋ ಪುಟ್ಟ ಕಾರು. ಒಣ ಮರಳು ದಾಟೋ ಆ ಹತ್ತಿಪ್ಪತ್ತು ಅಡಿಯಲ್ಲಿ ಸ್ಟೇರಿಂಗ್ ಭಾರವಾಯಿತು, ತಿರುಗಿಸಿದ ಕಡೆಗೆ ತಡವಾಗಿ ತಿರುಗಿತು, ಸಮತಟ್ಟಾದ ಜಾಗದಲ್ಲೂ ಇಂಜಿನ್ನು ದಿಬ್ಬ ಹತ್ತುವಾಗ ಮಾಡೋ ಸದ್ದು ಮಾಡಿತು. "ನಿಲ್ಲಿಸ್ಬ್ಯಾಡ, ಗೇರ್ ಬದಲಾಯಿಸ್ಬ್ಯಾಡ, ಇಂಗೇ ಹೋಗ್ಲಿ" ಅಂತ ಅಪ್ಪ. ಆಮೇಲೆ ಕಂದು ಪಟ್ಟಿಗೆ ಚಕ್ರ ತಾಗಿತು ನೋಡಿ, ಎಲ್ಲಾ ಸದ್ದೂ ನಿಂತುಹೋಯಿತು. ಗುಂಡಿ ಇಲ್ಲ, ಹಂಪ್ ಇಲ್ಲ, ಟೈರಿನ ಸದ್ದೂ ಇಲ್ಲ. ಎಡಕ್ಕೆ ತೆಂಗು, ಬಲಕ್ಕೆ ನೀರು, ಎದುರಿಗೆ ಉತ್ತರಕ್ಕೆ ಕಣ್ಣು ಹರಿದಷ್ಟೂ ಮರಳು, ಅಯ್ಯೋ ಇಲ್ಲ, ತಪ್ಪು ಬರೆದೆ, ಉತ್ತರಕ್ಕೆ ಹೋಗುವಾಗ ನೀರು ಎಡಕ್ಕೆ. ವಾಪಸ್ ಬರುವಾಗ ಬಲಕ್ಕೆ ನೀರು, ಎದುರಿಗೆ ಧರ್ಮಡಂ ದ್ವೀಪದ ಹಸಿರು ಗುಡ್ಡೆ. ಇಪ್ಪತ್ತರ ಮೇಲೆ ಸ್ಪೀಡು ಏರಿಸಲಿಲ್ಲ. 1935ರಲ್ಲಿ ಮಾಲ್ಕಂ ಕ್ಯಾಂಬೆಲ್ ಅಮೆರಿಕದ ಡೇಟೋನಾ ಬೀಚಿನ ಮರಳಿನ ಮೇಲೇ ಗಂಟೆಗೆ 445 ಕಿಲೋಮೀಟರ್ ವೇಗದಲ್ಲಿ ಕಾರು ಓಡಿಸಿ ದಾಖಲೆ ಮಾಡಿದ್ದರು, ಒದ್ದೆ ಮರಳು ಅಷ್ಟು ಗಟ್ಟಿ. ಆದರೆ ಇಲ್ಲಿ ಮಕ್ಕಳು ಓಡಾಡುತ್ತಿರುತ್ತಾರೆ, ಚೆಂಡಿನ ಹಿಂದೆ ಅಡ್ಡ ಬರುತ್ತಾರೆ. ಬ್ರೇಕನ್ನೂ ಜೋರಾಗಿ ಒತ್ತಬಾರದು, ಟೈರಿನ ಮುಂದೆ ಮರಳಿನ ಗುಡ್ಡೆ ಕಟ್ಟುತ್ತೆ. ಆಕ್ಸಿಲೇಟರಿಂದ ಕಾಲು ತೆಗೆದರೆ ಸಾಕು, ಮರಳೇ ಗಾಡಿಯನ್ನ ಹಿಡಿದು ನಿಲ್ಲಿಸುತ್ತೆ.

ಹೂತುಕೊಂಡಿದ್ದು ಆಮೇಲೆ. ಅಮ್ಮನಿಗೆ ನೆರಳಲ್ಲಿ ಕೂರಬೇಕಿತ್ತು, ನಾನು ತೆಂಗಿನ ಮರಗಳ ಕಡೆಗೆ ತಿರುಗಿಸಿ ಮೇಲಕ್ಕೆ ಹತ್ತಿಸಿ ನಿಲ್ಲಿಸಿದೆ. ನಿಂತದ್ದು ಒಣ ಮರಳಿನ ಮೇಲೆ. ಅರ್ಧ ಗಂಟೆ ಬಿಟ್ಟು ಹೊರಡೋಣ ಅಂತ ಕ್ಲಚ್ಚು ಬಿಟ್ಟರೆ ಕಾರು ಮುಂದಕ್ಕೆ ಹೋಗುವ ಬದಲು ಕೆಳಕ್ಕೆ ಹೋಯಿತು. ಗಾಬರಿಯಲ್ಲಿ ಇನ್ನೂ ತುಳಿದೆ. ಚಕ್ರ ಸುತ್ತಿತು, ಮರಳು ಹಿಂದಕ್ಕೆ ಹಾರಿತು, ಮೂಗು ಇನ್ನಷ್ಟು ಕೆಳಗಾಯಿತು. "ಕಾಲ್ ತಗಿ ಮಗ! ಸುತ್ತಿದಷ್ಟೂ ಹೂತ್ಕತದೆ!" ಚಿಕ್ಕಂದಿನಲ್ಲಿ ಬದುವಿನ ಮೇಲಿಂದ ಕೇಳುತ್ತಿದ್ದ ದನಿ ಅದು. ಇಳಿದು ನೋಡಿದರೆ ಮುಂದಿನ ಎರಡೂ ಚಕ್ರ ರಿಮ್ಮಿನ ತನಕ ಒಳಗೆ.

ಎಳನೀರು ಮಾರುತ್ತಿದ್ದ ಒಬ್ಬ ಚೇಟ್ಟ (ಮಲಯಾಳದಲ್ಲಿ ಅಣ್ಣ) ಗಾಡಿ ಬಿಟ್ಟು ಬಂದರು. ನಮಗೆ ಮಲಯಾಳ ಬರಲ್ಲ, ಅವರಿಗೆ ಕನ್ನಡ ಬರಲ್ಲ. ಟೈರಿನ ಕಡೆ ಕೈ ಮಾಡಿ "ಕಾಟ್ಟ್, ಕಾಟ್ಟ್" ಅಂದರು. ಕಾಟ್ಟ್ ಅಂದರೆ ಗಾಳಿ. ಗಾಳಿ ಬಿಡಬೇಕಂತೆ. ಅಪ್ಪ ಒಪ್ಪಲಿಲ್ಲ. ಅವರ ಇಡೀ ಅನುಭವ ಇದಕ್ಕೆ ಉಲ್ಟಾ: ಟ್ರ್ಯಾಕ್ಟರಿನ ಚಕ್ರ ಜಾರದೆ ನೆಲ ಕಚ್ಚಲಿ ಅಂತ ದೊಡ್ಡ ಟೈರಿಗೆ ನೀರು ತುಂಬಿಸಿ ಭಾರ ಮಾಡುತ್ತಿದ್ದರು. ಕೆಸರಿನಲ್ಲಿ ಹೂತರೂ ತಳದಲ್ಲಿ ಒಂದು ಗಟ್ಟಿ ಪದರ ಸಿಗುತ್ತೆ, ಚಕ್ರ ಅದನ್ನ ಕಚ್ಚಿ ಏಳುತ್ತೆ. ಮರಳಿಗೆ ಅಂಥ ತಳ ಇಲ್ಲ, ಮೇಲೆಯೇ ತೇಲಿದ ಹಾಗೆ ಹೋಗಬೇಕು. ಚೇಟ್ಟ ಮಾತು ಬಿಟ್ಟು ತಮ್ಮ ಮುಷ್ಟಿಯನ್ನ ಮರಳಿಗೆ ಒತ್ತಿದರು, ಒಳಗೆ ಹೋಯಿತು. ಆಮೇಲೆ ಅದೇ ಕೈಯನ್ನ ಬಿಡಿಸಿ ಅಂಗೈಯಗಲ ಒತ್ತಿದರು, ಮೇಲೇ ನಿಂತಿತು. ಅಪ್ಪ ಒಂದು ಗಳಿಗೆ ನೋಡಿ ತಾವೇ ಮೊಣಕಾಲೂರಿ ವಾಲ್ವಿನ ಮುಚ್ಚಳ ತೆಗೆದರು.

ನಾಲ್ಕೂ ಟೈರಿನ ಗಾಳಿ ಬಿಟ್ಟೆವು, ಬೀಗದ ಕೈಯ ತುದಿಯಿಂದ ಪಿನ್ನು ಒತ್ತಿ, ಟೈರಿನ ಕೆಳಭಾಗ ಸ್ವಲ್ಪ ಉಬ್ಬೋ ತನಕ. ಚಕ್ರದ ಸುತ್ತ ಊಟದ ತಟ್ಟೆಯಿಂದ ಮರಳು ತೋಡಿದೆವು. ಅಷ್ಟರಲ್ಲಿ ಚೇಟ್ಟ "ವೆಳ್ಳಂ" ಅಂತ ಬಕೆಟ್ ತಂದರು. ಮಗಳೂ ಅವರೂ ಸಮುದ್ರದಿಂದ ನೀರು ಹೊತ್ತು ತಂದು ಚಕ್ರದ ಹಿಂದಿನ ಮರಳಿಗೆ ಸುರಿದರು, ಏಳೆಂಟು ಬಕೆಟ್. ಬೆಳ್ಳಗಿದ್ದ ಪುಡಿ ಕಂದಾಯಿತು, ಕೈಯಿಂದ ತಟ್ಟಿದರೆ ಗಟ್ಟಿ. ಕೆಳಗಿನ ರಸ್ತೆಯ ಒಂದು ತುಂಡನ್ನ ಅಲ್ಲಿಗೇ ತಂದ ಹಾಗಾಯಿತು. ಅಮ್ಮನೂ ದೂರ ನಿಂತರು. ಮುಂದಕ್ಕೆ ಬೇಡ, ಬಂದ ಜಾಡಿನಲ್ಲೇ ಹಿಂದಕ್ಕೆ, ಅಲ್ಲಿ ಮರಳು ಆಗಲೇ ಅದುಮಿಕೊಂಡಿದೆ. ರಿವರ್ಸ್ ಹಾಕಿ, ಆಕ್ಸಿಲೇಟರ್ ಮುಟ್ಟಿಯೂ ಮುಟ್ಟದ ಹಾಗೆ, ಕ್ಲಚ್ಚನ್ನ ಕೂದಲೆಳೆಯಷ್ಟು ಬಿಟ್ಟೆ. ಕಾರು ಒಂದು ಸಲ ಹಿಂಜರಿದು, ಹಾಗೇ ಎದ್ದು ಬಂತು. ಎಷ್ಟು ಖುಷಿಯಾಯಿತು ಅಂದರೆ ಕಣ್ಣಲ್ಲಿ ನೀರೇ ಬಂತು. ಚೇಟ್ಟ ದುಡ್ಡು ತಗೊಳ್ಳಲಿಲ್ಲ, ಕೊನೆಗೆ ನಾಲ್ಕು ಎಳನೀರು ಕುಡಿದು ಅದರ ದುಡ್ಡು ಕೊಟ್ಟೆವು.

ಗಾಳಿ ಕಮ್ಮಿ ಇದ್ದಾಗ ಗಕ್ಕನೆ ತಿರುಗಿಸಬಾರದು, ಜೋರು ಹೋಗಬಾರದು, ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿ ತನಕ ಉರುಳಿಸಿಕೊಂಡು ಹೋದೆ. ಅಲ್ಲಿ ನೋಡಿದರೆ ಟೈರಿನ ಗಾಳಿಯ ಒತ್ತಡ 19, 20 ಪಿಎಸ್‌ಐ ಇತ್ತು, ಮಾಮೂಲಿ 33 ಇರೋ ಕಡೆ. ಮತ್ತೆ ತುಂಬಿಸಿಕೊಂಡೆವು. ಕಾರಿನ ತಳಭಾಗವನ್ನ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಸೋದಂತೂ ಮರೆಯಲೇಬೇಡಿ, ಉಪ್ಪು ಒಳಗೊಳಗೇ ತುಕ್ಕು ಹಿಡಿಸುತ್ತೆ.

ಒಂದು ವಿಷಯ ಮನಸ್ಸಿಗೆ ಚುಚ್ಚುತ್ತಾ ಇದೆ, ಅದನ್ನೂ ಬರೆಯುತ್ತೇನೆ. ಕಾಯುತ್ತಾ ಕೂತಿದ್ದಾಗ ಮಗಳು ಒದ್ದೆ ಮರಳಿನ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಳಿನ ಉಂಡೆಗಳನ್ನ ತೋರಿಸಿದಳು, ಒಂದು ತೂತಿನ ಸುತ್ತ ರಂಗೋಲಿ ಚುಕ್ಕಿ ಇಟ್ಟ ಹಾಗೆ ನೂರಾರು. ಪುಟ್ಟ ಏಡಿ ಮರಳನ್ನ ಬಾಯಿಗೆ ಹಾಕಿಕೊಂಡು, ಅದರಲ್ಲಿರೋ ಆಹಾರ ತಿಂದು, ಮಿಕ್ಕಿದ್ದನ್ನ ಉಂಡೆ ಮಾಡಿ ಇಡುತ್ತೆ. ಕಾರು ಓಡಿಸಿದ ಮೇಲೆ ಆ ಜಾಗದಲ್ಲಿ ನನ್ನ ಟೈರಿನ ಗುರುತಿತ್ತು. ನಮ್ಮ ಕುಂದಾಪುರ, ಹೊನ್ನಾವರದ ಕಡೆಯ ಬೀಚುಗಳಿಗೆ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆ ಇಡೋಕೆ ಬರುತ್ತವೆ, ಉಬ್ಬರದ ಗೆರೆಯಿಂದ ಮೇಲೆ, ಒಣ ಮರಳಿನಲ್ಲಿ, ಒಂದೊಂದು ಗುಂಡಿಗೆ ನೂರರ ಆಸುಪಾಸು. ಮರಿ ಹೊರಬರೋಕೆ 45ರಿಂದ 60 ದಿನ ಬೇಕು. ಮೇಲೆ ಕಾರು ಹೋದರೆ ಏನಾಗುತ್ತೆ ಹೇಳಬೇಕಿಲ್ಲ, ಹೊರಬಂದ ಮರಿಗೂ ಚಕ್ರದ ಜಾಡು ದಾಟೋಕೆ ಆಗದ ಹಳ್ಳ. ಮುಳಪ್ಪಿಲಂಗಾಡಿನಲ್ಲಿ ಓಡಿಸಿದ್ದೀನಿ ಅಂತ ನಮ್ಮ ಕರಾವಳಿಯಲ್ಲಿ ಸಿಕ್ಕ ಕಡೆ ಕಾರು ಇಳಿಸಬೇಡಿ, ದಯವಿಟ್ಟು. ಬಿಡೋ ಕಡೆಯೂ ಕೆಳಗಿನ ಪಟ್ಟಿಯಲ್ಲೇ ಹೋಗಿ.

ರಾತ್ರಿ ತಲಶ್ಶೇರಿಯಲ್ಲಿ ಉಳಿದೆವು. ಬೆಳಗ್ಗೆ ಮತ್ತೆ ಇಳಿತ, ಏಳು ಗಂಟೆ ಆಸುಪಾಸಿಗೆ. ಆರಕ್ಕೇ ಅಪ್ಪ ಎದ್ದು ಸ್ನಾನ ಮಾಡಿ ಕೂತಿದ್ದರು. ಊರಿಗೆ ಹೊರಡೋ ಮುಂಚೆ ಇನ್ನೊಂದು ಸಲ ಹೋಗಿ ಬರೋಣವಾ ಅಂದರು. ಬೀಚಿನಲ್ಲಿ ಒಬ್ಬಿಬ್ಬರು ವಾಕಿಂಗ್ ಮಾಡೋರು ಬಿಟ್ಟರೆ ಯಾರೂ ಇರಲಿಲ್ಲ. ಕಂದು ಪಟ್ಟಿ ತಲುಪಿದ ಮೇಲೆ ನಾನು ಇಳಿದು ಬೀಗದ ಕೈ ಅವರಿಗೆ ಕೊಟ್ಟೆ. ಅವರು ಏನೂ ಹೇಳಲಿಲ್ಲ. ಚಪ್ಪಲಿ ಬಿಚ್ಚಿ ಹಿಂದಿನ ಸೀಟಿನಲ್ಲಿ ಇಟ್ಟರು, ಬರಿಗಾಲನ್ನ ಕ್ಲಚ್ಚಿನ ಮೇಲಿಟ್ಟು ಒಂದೆರಡು ಸಲ ಒತ್ತಿ ನೋಡಿದರು, ಮೊದಲನೇ ಗೇರ್ ಹಾಕಿದರು.