ಕ್ಯಾಡಿಲಾಕ್ ಎಂಜಿನ್ನಿಗೆ ನಾನು ಬರೆದುಕೊಟ್ಟ ಅಂದಾಜು ಪಟ್ಟಿ

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ತಿರದ ವರ್ಕ್‌ಶಾಪೊಂದರಲ್ಲಿ ಹಳೆಯ ಮೋಟಾರ್‌ಹೋಮ್‌ಗಳ (ಒಳಗೇ ವಾಸ ಮಾಡಬಹುದಾದ ಗಾಡಿಗಳ) ರಿಪೇರಿ ನನ್ನ ಕೆಲಸ. ಇಲ್ಲಿಗೆ ಸೇರಿದ ಎರಡನೇ ವರ್ಷ ಒಂದು ತಪ್ಪು ಮಾಡಿದೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗಕ್ಕೆ ಬರಲಿ ಎಂದು ಅದನ್ನು ಬರೆಯುತ್ತಿದ್ದೇನೆ.

ಗಾಡಿ 1976ರ ಜಿಎಂಸಿ ಮೋಟಾರ್‌ಹೋಮ್, 26 ಅಡಿಯದ್ದು. 1973ರಿಂದ 1978ರವರೆಗೆ ಮಾತ್ರ ತಯಾರಾದ ಈ ಗಾಡಿಯ ಕೆಳಗೆ ಒಮ್ಮೆ ಮಲಗಿ ನೋಡಿದವರು ಅದನ್ನು ಮರೆಯುವುದಿಲ್ಲ. ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟೇ ಇಲ್ಲ. ಓಲ್ಡ್ಸ್‌ಮೊಬೈಲ್ ಟೊರೊನಾಡೊ ಕಾರಿನಿಂದ ಎತ್ತಿ ತಂದ ವ್ಯವಸ್ಥೆ ಅದು. ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರಿನ ಹಿಂದೆ ಅಗಲವಾದ ಚೈನೊಂದು ಓಡುತ್ತದೆ. ಎಂಜಿನ್ನಿನ ಮಗ್ಗುಲಲ್ಲೇ ಕುಳಿತ ಗೇರ್ ಬಾಕ್ಸನ್ನು ಅದು ತಿರುಗಿಸುತ್ತದೆ. ಅಲ್ಲಿಂದ ಶಕ್ತಿ ನೇರ ಮುಂದಿನ ಚಕ್ರಗಳಿಗೆ ಹೋಗುತ್ತದೆ. ಒಳಗಿನ ನೆಲ ಅಷ್ಟು ತಗ್ಗಿರುವುದು ಇದರಿಂದಲೇ. ಕಂಡ ಎಂಜಿನ್ನನ್ನೆಲ್ಲ ತಂದು ಇದರಲ್ಲಿ ಕೂರಿಸಲಾಗದಿರುವುದೂ ಇದರಿಂದಲೇ.

ಮಾಲೀಕರು ನಿವೃತ್ತ ದಂಪತಿ. ಸಿಯೆರಾ ನೆವಾಡಾ ಪರ್ವತದ ಡಾನರ್ ಘಾಟಿ ಹತ್ತುವಾಗ ಗಾಡಿ ಗಂಟೆಗೆ 35 ಮೈಲಿಗೆ ಇಳಿಯುತ್ತದೆ, ಎಂಜಿನ್ ವಿಪರೀತ ಬಿಸಿಯಾಗುತ್ತದೆ ಎಂಬುದು ಅವರ ದೂರು. ಅಲ್ಲಿ ಹೆದ್ದಾರಿ 2,200 ಮೀಟರ್ ಎತ್ತರಕ್ಕೆ ಏರುತ್ತದೆ. ಆ ಎತ್ತರದ ತೆಳುಗಾಳಿಯಲ್ಲಿ ಕಾರ್ಬ್ಯುರೇಟರ್ ಎಂಜಿನ್ ಐದರಲ್ಲೊಂದು ಪಾಲು ಶಕ್ತಿಯನ್ನು ಹೇಗೂ ಕಳೆದುಕೊಳ್ಳುತ್ತದೆ. "ಹಳೆಯ ಎಂಜಿನ್ನಿನ ಆಯುಷ್ಯ ಮುಗಿಯಿತು, ಬೇರೆ ಯಾವುದು ಹಾಕಬಹುದು ಹೇಳಿ" ಎಂದರು. ನಾನು ಉತ್ಸಾಹದಿಂದ ಕಾಗದ ಪೆನ್ನು ಹಿಡಿದೆ.

ಹೋಲಿಕೆ ಇಷ್ಟು. ಗಾಡಿಯಲ್ಲಿದ್ದ ಓಲ್ಡ್ಸ್‌ಮೊಬೈಲ್ 455 (ಈ ಸಂಖ್ಯೆಗಳು ಘನ ಅಂಗುಲದಲ್ಲಿ ಎಂಜಿನ್ನಿನ ಗಾತ್ರ), ಅಂದರೆ 7.5 ಲೀಟರ್, ಉದ್ದ ಸ್ಟ್ರೋಕಿನ, ಅಂದರೆ ಪಿಸ್ಟನ್ ಹೆಚ್ಚು ದೂರ ಚಲಿಸುವ ಎಂಜಿನ್. ಕಡಿಮೆ ವೇಗದಲ್ಲೇ ಭಾರ ಎಳೆಯುತ್ತದೆ. ಅದನ್ನೇ ಬೋರ್ ಮಾಡಿಸಿ ಹೊಸದಾಗಿ ಕಟ್ಟಬಹುದು. 1977ರಿಂದ ಕಂಪನಿಯೇ ಹಾಕಿದ 403, ಅಂದರೆ 6.6 ಲೀಟರ್, ಸುಲಭವಾಗಿ ಕೂರುತ್ತದೆ. ಆದರೆ ಅದರ ಸ್ಟ್ರೋಕ್ ಗಿಡ್ಡ, ಎಳೆತ ಕಡಿಮೆ. ಮೇಲಾಗಿ ಕ್ರ್ಯಾಂಕ್ ಶಾಫ್ಟ್ ತಿರುಗುವ ಮೇನ್ ಬೇರಿಂಗ್‌ಗಳನ್ನು ಹಿಡಿದಿರುವ ಗೋಡೆಗಳಲ್ಲಿ ಕಿಟಕಿಯಂತೆ ಲೋಹ ತೆಗೆದಿರುತ್ತಾರೆ, ಗಟ್ಟಿತನ ಕಡಿಮೆ. ಘಾಟಿಯಲ್ಲಿ ದುಡಿಯುವ ಗಾಡಿಗೆ ಅದನ್ನು ನಾನು ಇಂದಿಗೂ ಸೂಚಿಸುವುದಿಲ್ಲ. ಷೆವರ್ಲೆಯ ಎಂಜಿನ್‌ಗಳು ಎಲ್ಲೆಡೆ ಸಿಗುತ್ತವೆ, ಬಿಡಿಭಾಗ ಅಗ್ಗ. ಆದರೆ ಗೇರ್ ಬಾಕ್ಸಿಗೆ ಸೇರುವಲ್ಲಿ ಬೋಲ್ಟ್‌ಗಳ ಜಾಗವೇ ಬೇರೆ, ನಡುವೆ ಅಡಾಪ್ಟರ್ ಬೇಕು. ಉಳಿದದ್ದು ಕ್ಯಾಡಿಲಾಕ್ 500, 8.2 ಲೀಟರ್. ಎಲ್ಡೊರಾಡೊ ಕಾರಿನಲ್ಲಿ ಇದೇ ಗೇರ್ ಬಾಕ್ಸಿನ ಜೊತೆ ಮುಂಚಕ್ರಗಳನ್ನು ಎಳೆದ ಎಂಜಿನ್ ಅದು. ನನ್ನ ಮನಸ್ಸು ಅಲ್ಲೇ ನಿಂತಿತು. ಅರ್ಧ ದಿನ ಕೂತು ಅಂದಾಜು ಪಟ್ಟಿ ಬರೆದು ಮಾಲೀಕರಿಗೆ ಕಳಿಸಿಬಿಟ್ಟೆ.

ನಮ್ಮ ಹಿರಿಯ ಮೆಕ್ಯಾನಿಕ್ ಪಟ್ಟಿ ಓದಿ ಒಂದೇ ಪ್ರಶ್ನೆ ಕೇಳಿದರು: "ಗಾಡಿಯನ್ನು ತೂಗಿಸಿದೆಯಾ?"

ತೂಗಿಸಿರಲಿಲ್ಲ. ಕಂಪ್ರೆಷನ್, ಅಂದರೆ ಸಿಲಿಂಡರುಗಳೊಳಗಿನ ಒತ್ತಡ, ಅದನ್ನೂ ನೋಡಿರಲಿಲ್ಲ.

ಮರುದಿನ ಲಾರಿಗಳ ತೂಕದ ಕಟ್ಟೆಗೆ ಒಯ್ದೆವು. ಗಾಡಿಯ ಫಲಕದಲ್ಲಿ ಬರೆದ ತೂಕದ ಮಿತಿಗಿಂತ ಸುಮಾರು 300 ಕಿಲೋ ಹೆಚ್ಚಿತ್ತು. ಕಂಪ್ರೆಷನ್ ಎಂಟೂ ಸಿಲಿಂಡರುಗಳಲ್ಲಿ ಹೆಚ್ಚುಕಡಿಮೆ ಒಂದೇ ಸಮ ಇತ್ತು; ನಾನು ಕಿತ್ತು ಹಾಕಲು ಹೊರಟಿದ್ದ ಎಂಜಿನ್ ಗಟ್ಟಿಮುಟ್ಟಾಗಿತ್ತು. ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದಾಗ ರೋಟರಿನ ಕೆಳಗೆ ಕಾಫಿಪುಡಿಯಂಥ ಕಂದು ತುಕ್ಕು ಉದುರಿ ಬಿದ್ದಿತ್ತು. ವೇಗ ಹೆಚ್ಚಿದಂತೆ ಹೊರಕ್ಕೆ ಸರಿದು ಕಿಡಿಯನ್ನು ಮುಂಚಿತವಾಗಿ ಹಾರಿಸಬೇಕಾದ ಎರಡು ಪುಟ್ಟ ತೂಕದ ತುಂಡುಗಳು ಕಚ್ಚಿಕೊಂಡು ಕೂತಿದ್ದವು. ಬೆರಳಿನಿಂದ ನೂಕಿದರೂ ಅಲುಗಲಿಲ್ಲ. ಕಿಡಿ ತಡವಾದರೆ ಶಕ್ತಿ ಬೀಳುತ್ತದೆ, ಎಂಜಿನ್ ಬಿಸಿಯಾಗುತ್ತದೆ: ಮಾಲೀಕರ ಎರಡೂ ದೂರುಗಳ ಮೂಲ ಅಂಗೈಯಷ್ಟು ಜಾಗದಲ್ಲಿತ್ತು. ಜೊತೆಗೆ ರೇಡಿಯೇಟರ್ ಅರ್ಧ ಕಟ್ಟಿಕೊಂಡಿತ್ತು, ಅದರ ಫ್ಯಾನನ್ನು ತಿರುಗಿಸುವ ಕ್ಲಚ್ ಹಿಡಿಯುತ್ತಿರಲಿಲ್ಲ.

ಇಷ್ಟನ್ನು ಸರಿಪಡಿಸಿದ ಮೇಲೆ ಉಳಿದ ಪ್ರಶ್ನೆ ಎಳೆತದ್ದು. ಈ ಗಾಡಿಯ ಫೈನಲ್ ಡ್ರೈವ್, ನಮ್ಮೂರಿನ ಲಾರಿ ಗ್ಯಾರೇಜುಗಳಲ್ಲಿ ಕ್ರೌನ್ ಪಿನಿಯನ್ ಎನ್ನುತ್ತಾರಲ್ಲ ಅದು, 3.07ರ ಅನುಪಾತದ್ದು; ಚಕ್ರ ಒಂದು ಸುತ್ತು ತಿರುಗಲು ಗೇರ್ ಬಾಕ್ಸಿನ ಹೊರ ಶಾಫ್ಟ್ 3.07 ಸುತ್ತು ತಿರುಗಬೇಕು. ಐದು ಟನ್ನಿಗೂ ಮೀರಿದ ಗಾಡಿಗೆ ಅದು ಕಾರಿನ ಅನುಪಾತ. 3.70ರದ್ದು ಹಾಕಿದರೆ ಎಂಜಿನ್ನಿನ ಶಕ್ತಿ ಹೆಚ್ಚುವುದಿಲ್ಲ ನಿಜ, ಆದರೆ ಚಕ್ರಕ್ಕೆ ತಲುಪುವ ಎಳೆತ ಪ್ರತಿ ಗೇರಿನಲ್ಲೂ ಶೇಕಡಾ 20ರಷ್ಟು ಏರುತ್ತದೆ. ನಾನು ಹೊಗಳಿ ಬರೆದಿದ್ದ ಕ್ಯಾಡಿಲಾಕ್ ಗಾತ್ರದಲ್ಲಿ 455ಕ್ಕಿಂತ ಶೇಕಡಾ 10ರಷ್ಟು ಮಾತ್ರ ದೊಡ್ಡದು. ಆದರೆ 3.70ಕ್ಕೂ ಬೆಲೆ ತೆರಬೇಕು: ಗಂಟೆಗೆ 60 ಮೈಲಿ ವೇಗದಲ್ಲಿ ನಿಮಿಷಕ್ಕೆ ಸುಮಾರು 2,200 ಸುತ್ತು ತಿರುಗುತ್ತಿದ್ದ ಎಂಜಿನ್ 2,650ರ ಹತ್ತಿರ ತಿರುಗುತ್ತದೆ, ಸಮತಟ್ಟಿನ ರಸ್ತೆಯಲ್ಲಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಇದನ್ನು ಮಾಲೀಕರಿಗೆ ಮುಚ್ಚಿಡದೆ ಹೇಳಿದೆ. ಮೊದಲ ಪಟ್ಟಿ ಅಳತೆ ಮಾಡದೆ ಬರೆದದ್ದು ಎಂದು ಒಪ್ಪಿಕೊಂಡು ಕ್ಷಮೆ ಕೇಳಿದೆ. ಅವರು 3.70 ಆರಿಸಿಕೊಂಡರು.

ಆ ಬೇಸಿಗೆಯಲ್ಲೇ ಅವರು ಮತ್ತೆ ಡಾನರ್ ಹತ್ತಿದರು. ತೂಕ ಇಳಿಯಲಿ ಎಂದು ನೀರಿನ ಟ್ಯಾಂಕನ್ನು ಕೆಳಗೆ ಖಾಲಿ ಮಾಡಿ, ಮೇಲೆ ತಲುಪಿದ ಮೇಲೆ ತುಂಬಿಸಿಕೊಳ್ಳಿ ಎಂದು ಹೇಳಿ ಕಳಿಸಿದ್ದೆ. ಸಂಜೆ ಫೋನ್ ಬಂತು. ವೇಗ 45ಕ್ಕಿಂತ ಕೆಳಗೆ ಇಳಿಯಲಿಲ್ಲವಂತೆ, ಉಷ್ಣತೆಯ ಮುಳ್ಳು ನಡುಗೆರೆ ದಾಟಲಿಲ್ಲವಂತೆ. ಆ ಹಳೆಯ 455 ಈಗಲೂ ಅದೇ ಗಾಡಿಯಲ್ಲಿದೆ. ಕಳೆದ ತಿಂಗಳು ಆಯಿಲ್ ಬದಲಿಸಲು ಬಂದಿತ್ತು.