ಪುಣೆಯ ಗುಜರಿಗೆ ಜಾಲ್ನಾ ದರ ಯಾಕೆ ಸಿಗುವುದಿಲ್ಲ

ಬೆಳಿಗ್ಗೆ ವಾಟ್ಸ್ಯಾಪ್‌ಗೆ ಬರುವ ಜಾಲ್ನಾ ದರ ನಂಬಿ ಪುಣೆಯ ಭೋಸರಿ, ಚಿಖಲಿ ಕಡೆ ಕಬ್ಬಿಣ ಕೊಂಡರೆ ಕೈ ಸುಡುತ್ತದೆ. ಜಾಲ್ನಾ ಗುಜರಿ ಕರಗಿಸಿ ಕಟ್ಟಡದ ಸರಳು ಮಾಡುವ ಊರು, ಆ ದರ ಅಲ್ಲಿನ ಫರ್ನೇಸಿನ (ಕರಗಿಸುವ ಕುಲುಮೆಯ) ಗೇಟಿಗೆ ಮಾಲು ಮುಟ್ಟಿದ ಮೇಲಿನದು. ನಿಮ್ಮ ಅಂಗಡಿಯ ದರ ಬೇಕಾದರೆ ಅಲ್ಲಿಂದ ಕಳೆಯುತ್ತ ಹಿಂದಕ್ಕೆ ಬರಬೇಕು.

ಭಾರಿ ಮಾಲಿಗೆ, ಅಂದರೆ ದಪ್ಪ ಕಬ್ಬಿಣದ ಗುಜರಿಗೆ, ಜಾಲ್ನಾದಲ್ಲಿ ಟನ್ನಿಗೆ 35,000 ಎಂದಿಟ್ಟುಕೊಳ್ಳಿ (ಲೆಕ್ಕಕ್ಕಷ್ಟೇ, ಇವತ್ತಿನ ದರವಲ್ಲ). ಲಾರಿ ಬಾಡಿಗೆ 1,600, ಗ್ಯಾಸ್ ಕಟಿಂಗ್ ಮತ್ತು ಲೋಡಿಂಗ್ 700, ದಲಾಲಿ 100, ಮಣ್ಣು-ತುಕ್ಕಿಗೆ ಶೇ. 2ರಂತೆ 700. ಹಣ 15 ದಿನ ತಡವಾದರೆ ತಿಂಗಳಿಗೆ ಶೇ. 1.5ರಂತೆ ಬಡ್ಡಿ ಸುಮಾರು 260. ಉಳಿದದ್ದು 31,640. ನಿಮ್ಮ ಲಾಭ ಇನ್ನೂ ಹಿಡಿದಿಲ್ಲ. ಹಿಡಿದರೆ ಕೊಳ್ಳುವ ದರ ಕಿಲೋಗೆ 30ರ ಆಸುಪಾಸು. ಡೀಸೆಲ್ ಏರಿದಾಗ ಜಾಲ್ನಾ ದರ ಅಲುಗದಿದ್ದರೂ ಪುಣೆಯ ದರ ಇಳಿಯುವುದು ಇದಕ್ಕೇ. ಮುಂಬೈ ಇನ್ನೂ ದೂರ. ಕುರ್ಲಾದ ಮಾಲಿಗೆ ಬಾಡಿಗೆ ಇನ್ನಷ್ಟು ಕಳೆಯಿರಿ.

ಲೇತಿನ ಟರ್ನಿಂಗ್‌ಗೆ (ಕೆತ್ತುವಾಗ ಬೀಳುವ ಚೂರಿಗೆ) ಈ ಲೆಕ್ಕ ನಡೆಯದು. ಸುರುಳಿ ಮಾಲು ಲಾರಿ ತುಂಬಿದರೂ ತೂಕ ತುಂಬುವುದಿಲ್ಲ, ಟನ್ನಿನ ಬಾಡಿಗೆ ಏರುತ್ತದೆ. ತೆಳುವಾದ್ದರಿಂದ ಫರ್ನೇಸಿನಲ್ಲಿ ಸುಟ್ಟು ಹೋಗುವುದೂ ಹೆಚ್ಚು. ಲೇತಿನಲ್ಲಿ ತಂಪಿಗೆ ಸುರಿದ ಕೂಲಂಟ್ ಎಣ್ಣೆ ಸೋರುತ್ತಿದ್ದರೆ ಖರೀದಿದಾರ ತೂಕದಲ್ಲಿ ಕಡಿಯುತ್ತಾನೆ. ಇಳಿಜಾರಿನ ಕಾಂಕ್ರೀಟ್ ನೆಲದ ಮೇಲೆ ಎರಡು ದಿನ ಬಸಿದು ಕಳಿಸಿ. ಮಳೆಗಾಲದಲ್ಲಿ ಇದು ದುಡ್ಡಿನ ಮಾತಷ್ಟೇ ಅಲ್ಲ: ಒದ್ದೆ ಮಾಲು ಕರಗಿದ ಲೋಹಕ್ಕೆ ಬಿದ್ದರೆ ಉಗಿಯಾಗಿ ಸಿಡಿಯುತ್ತದೆ. ಅದಕ್ಕೇ ಲಾರಿ ವಾಪಸ್ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಡದ ಕೆಲಸ ತಗ್ಗಿ ಸರಳಿನ ಬೇಡಿಕೆಯೂ ಕುಗ್ಗಿರುತ್ತದೆ, ಚೌಕಾಸಿಗೆ ನಿಮ್ಮ ಕೈ ಮೇಲಾಗುವುದು ಕಷ್ಟ.

ಬೀಡು ಕಬ್ಬಿಣದ ಬೋರಿಂಗ್ ಪುಡಿಯನ್ನು ಉಕ್ಕಿನ ಟರ್ನಿಂಗ್ ಜೊತೆ ಬೆರೆಸಬೇಡಿ. ಬೆರೆಸಿದರೆ ಇಡೀ ರಾಶಿಗೆ ಎರಡರಲ್ಲಿ ಕಡಿಮೆಯದೇ ದರ. ಬೋರಿಂಗ್‌ಗೆ ಕೊಲ್ಹಾಪುರ, ಬೆಳಗಾವಿಯ ಫೌಂಡ್ರಿಗಳಲ್ಲೂ ವಿಚಾರಿಸಿ. ಚಾಕಣದ ಪ್ರೆಸ್ ಶಾಪ್‌ಗಳ ಸಿಆರ್ (ಕೋಲ್ಡ್ ರೋಲ್ಡ್, ಲೇಪನವಿಲ್ಲದ) ತಗಡಿನ ಕಟಿಂಗ್ ಶುದ್ಧ ಮಾಲು, ಹೆಚ್ಚು ಬೆಲೆಯದು. ಅದರಲ್ಲಿ ಸತು ಬಳಿದ ಜಿಐ ತಗಡು ಸೇರಿದರೆ ಸತುವಿನ ಹೊಗೆ ಏಳುತ್ತದೆ, ಫರ್ನೇಸಿನ ಲೈನಿಂಗ್ ಕೆಡುತ್ತದೆ. ಆ ಮಾಲು ಕೊಂಡ ಫೌಂಡ್ರಿ ಮತ್ತೆ ನಿಮ್ಮ ಫೋನ್ ಎತ್ತುವುದಿಲ್ಲ.

ತಾಮ್ರದ ಕಥೆಯೇ ಬೇರೆ. ಕಿಲೋಗೆ 800 ಎಂದು ಹಿಡಿದರೆ ಟನ್ನಿನ ಅದೇ 1,600, ಅಂದರೆ ಕಿಲೋಗೆ 1.60 ರೂಪಾಯಿ ಬಾಡಿಗೆ, ಶೇ. 0.2 ಮಾತ್ರ. ಹಾಗಾಗಿ ಮುಂಬೈಗೂ ಪುಣೆಗೂ ದೊಡ್ಡ ಅಂತರ ಬೀಳುವುದಿಲ್ಲ. ಎಲ್‌ಎಂಇ (ಲಂಡನ್ ಲೋಹ ವಿನಿಮಯ ಕೇಂದ್ರ) ಬೆಲೆ, ಡಾಲರ್ ದರ, ಮುಖ್ಯವಾಗಿ ಇವೆರಡೇ ಅದನ್ನು ಕುಣಿಸುತ್ತವೆ. ಇಲ್ಲಿ ನಷ್ಟವಾಗುವುದು ದರದಲ್ಲಲ್ಲ, ಮಾಲಿನಲ್ಲಿ. ವೈರ್ ಕೊಳ್ಳುವಾಗ ಒಂದೊಂದು ದಪ್ಪದ್ದನ್ನೂ ಬೇರೆ ಮಾಡಿ, 1 ಕಿಲೋ ಸುಲಿದು ತೂಗಿ. 620 ಗ್ರಾಂ ತಾಮ್ರ ಬಂದರೆ 800ರ ಲೆಕ್ಕದಲ್ಲಿ ಆ ವೈರಿನೊಳಗಿನ ತಾಮ್ರ 496 ರೂಪಾಯಿಯದು. ಸುಲಿಯುವ ಕೂಲಿ, ಲಾಭ ಅದರೊಳಗೇ ಬರಬೇಕು. ಸುಡಬೇಡಿ, ಸುಟ್ಟ ತಾಮ್ರಕ್ಕೆ ದರ ಇಳಿಯುತ್ತದೆ, ಹೊಗೆಯೂ ವಿಷ. ಮೋಟರಿನ ವೈಂಡಿಂಗ್ ಮೇಲೆ ಅರದಿಂದ ಒಮ್ಮೆ ಗೀಚಿ: ಬೆಳ್ಳಗೆ ಕಂಡರೆ ಅದು ತಾಮ್ರದ ಬಣ್ಣದ ಎನಾಮೆಲ್ ಬಳಿದ ಅಲ್ಯೂಮಿನಿಯಂ.

ಇನ್ನು ತೆರಿಗೆ. ದರ ಹೇಳುವವರು ಸಾಮಾನ್ಯವಾಗಿ ಶೇ. 18ರ ಜಿಎಸ್‌ಟಿ ಬಿಟ್ಟೇ ಹೇಳುತ್ತಾರೆ, ಕೇಳಿ ಖಚಿತ ಮಾಡಿಕೊಳ್ಳಿ. 2024ರ ಅಕ್ಟೋಬರ್ 10ರಿಂದ ನೋಂದಣಿ ಇಲ್ಲದವರಿಂದ ಲೋಹದ ಗುಜರಿ ಕೊಂಡರೆ ಜಿಎಸ್‌ಟಿ ಕಟ್ಟುವ ಹೊಣೆ ನೋಂದಾಯಿತ ಖರೀದಿದಾರನದು. ನೋಂದಾಯಿತರ ನಡುವಿನ ವ್ಯವಹಾರ 2.5 ಲಕ್ಷ ದಾಟಿದರೆ ಖರೀದಿದಾರ ಹಣ ಕೊಡುವಾಗಲೇ ಶೇ. 2 ಜಿಎಸ್‌ಟಿ ಟಿಡಿಎಸ್ ಮುರಿಯುತ್ತಾನೆ. ಅದು ಜಿಎಸ್‌ಟಿ ಪೋರ್ಟಲ್‌ನ ನಿಮ್ಮ ಕ್ಯಾಶ್ ಲೆಡ್ಜರಿಗೆ ಬರುತ್ತದೆ, ಆದರೆ ಲಾರಿ ಬಾಡಿಗೆ ಕೊಡುವ ದಿನ ಕೈಯಲ್ಲಿರುವುದಿಲ್ಲ.